ಕಾರ್ಬನ್ ಕೌಂಟಿಯ ಹಳೆಯ ಸೆರೆಮನೆ: ಕಟ್ಟಡದ ಇತಿಹಾಸ ಮತ್ತು ಅಂಗೈ ಗುರುತಿನ ಐತಿಹ್ಯ

ಕೋಟೆ, ಕೆರೆ, ಗುಡಿ, ಬಾವಿಗಳಿಗೆ ಅಂಟಿಕೊಂಡ ಸ್ಥಳೈತಿಹ್ಯಗಳಿಗೆ ಜಾನಪದ ಅಧ್ಯಯನದಲ್ಲಿ ದೊರೆತಿರುವ ಗಮನ ಸೆರೆಮನೆಗಳಿಗೆ ಅಂಟಿಕೊಂಡ ಐತಿಹ್ಯಗಳಿಗೆ ಅಷ್ಟಾಗಿ ದೊರೆತಿಲ್ಲ. ಸೆರೆಮನೆಯು ಪ್ರಭುತ್ವದ ಕಟ್ಟಡ. ಅದರ ಚರಿತ್ರೆಯನ್ನು ಆಡಳಿತದ ಕಡತಗಳಲ್ಲಿ, ನ್ಯಾಯಾಲಯದ ದಾಖಲೆಗಳಲ್ಲಿ ಹುಡುಕುವುದು ರೂಢಿ. ಆದರೆ ಅದರೊಳಗೆ ಬದುಕಿದವರ, ಅಲ್ಲಿಯೇ ಪ್ರಾಣ ಬಿಟ್ಟವರ ಕಡೆಯ ಮಾತು ಆ ಕಡತಗಳಲ್ಲಿ ವಿರಳವಾಗಿ ಸಿಗುತ್ತದೆ. ಆ ಮಾತು ಹೊರಗಿನ ಜನರ ಬಾಯಲ್ಲಿ ಕಥೆಯಾಗಿ ಉಳಿಯುತ್ತದೆ. ಲಿಖಿತ ದಾಖಲೆ ಮತ್ತು ಮೌಖಿಕ ಸ್ಮೃತಿಗಳ ನಡುವಿನ ಈ ಸಂಬಂಧವನ್ನು ಅರಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಬನ್ ಕೌಂಟಿಯ ಹಳೆಯ ಸೆರೆಮನೆ ಒಂದು ಉತ್ತಮ ನಿದರ್ಶನ. ಕೌಂಟಿಯೆಂದರೆ ನಮ್ಮ ಜಿಲ್ಲೆಗೆ ಸಮೀಪವಾದ ಆಡಳಿತ ಘಟಕ. ಅಲ್ಲಿ ಸೆರೆಮನೆ, ನ್ಯಾಯಾಲಯ, ಷೆರಿಫ್ ಎಂಬ ಚುನಾಯಿತ ಅಧಿಕಾರಿ ಇವೆಲ್ಲ ಕೌಂಟಿಯ ಅಧೀನದಲ್ಲಿರುತ್ತವೆ. ಈ ಸೆರೆಮನೆಯ ಹದಿನೇಳನೆಯ ಕೋಣೆಯ ಗೋಡೆಯ ಮೇಲೆ ಒಂದು ಅಂಗೈ ಗುರುತಿದೆ. ತಾನು ನಿರಪರಾಧಿಯೆಂದು ಸಾರುತ್ತ ಗಲ್ಲಿಗೆ ಹೋದವನೊಬ್ಬ ಒತ್ತಿದ ಗುರುತು ಅದೆಂಬುದು ಅಲ್ಲಿನ ಜನರ ನಂಬಿಕೆ. ಈ ಕಟ್ಟಡದ ಚರಿತ್ರೆ, ಅಲ್ಲಿ ನಡೆದ ಗಲ್ಲುಶಿಕ್ಷೆಗಳ ಹಿನ್ನೆಲೆ ಹಾಗೂ ಅಂಗೈ ಗುರುತಿನ ಐತಿಹ್ಯದ ಅರ್ಥ ಇವುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಊರು ಮತ್ತು ಕಲ್ಲಿದ್ದಲು

ಕಾರ್ಬನ್ ಕೌಂಟಿಯ ಕೇಂದ್ರವಾದ ಊರಿಗೆ ಇಂದು ಜಿಮ್ ಥಾರ್ಪ್ ಎಂಬ ಹೆಸರಿದೆ. 1954ರವರೆಗೆ ಅದರ ಹೆಸರು ಮಾಕ್ ಚಂಕ್. ಇದು ಅಲ್ಲಿನ ಮೂಲನಿವಾಸಿಗಳಾದ ಲೆನಾಪಿ ಜನರ ಭಾಷೆಯಿಂದ ಬಂದುದು. ಕರಡಿಯ ಬೆಟ್ಟ ಎಂಬುದು ಅದರ ಅರ್ಥವೆಂದು ಹೇಳುತ್ತಾರೆ. ಲೀಹೈ ನದಿಯ ಕಡಿದಾದ ಕಣಿವೆಯಲ್ಲಿರುವ ಈ ಊರಿನ ಹಣೆಬರಹವನ್ನು ಬರೆದುದು ಕಲ್ಲಿದ್ದಲು. ಸಮೀಪದ ಸಮಿಟ್ ಹಿಲ್ ಎಂಬ ಬೆಟ್ಟದ ಮೇಲೆ 1791ರಲ್ಲಿ ಫಿಲಿಪ್ ಗಿಂಟರ್ ಎಂಬ ಬೇಟೆಗಾರನಿಗೆ ಕರಿಯ ಕಲ್ಲೊಂದು ಕಾಲಿಗೆ ಎಡವಿತೆಂಬ ಕಥೆಯಿಂದ ಆ ಪ್ರದೇಶದ ಗಣಿಗಾರಿಕೆಯ ಚರಿತ್ರೆ ಆರಂಭವಾಗುತ್ತದೆ. ಹೊಗೆ ಕಡಿಮೆ, ಶಾಖ ಹೆಚ್ಚು ಇರುವ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಅದು. 1827ರಲ್ಲಿ ಸಮಿಟ್ ಹಿಲ್‌ನಿಂದ ಮಾಕ್ ಚಂಕ್‌ವರೆಗೆ ಸುಮಾರು 9 ಮೈಲಿಗಳ ಹಳಿದಾರಿಯನ್ನು ಹಾಕಲಾಯಿತು. ಕಲ್ಲಿದ್ದಲು ತುಂಬಿದ ಗಾಡಿಗಳು ಇಳಿಜಾರಿನ ಬಲದಿಂದಲೇ ನದಿಯ ದಡಕ್ಕೆ ಉರುಳಿ ಬರುತ್ತಿದ್ದವು. ಬರಿದಾದ ಗಾಡಿಗಳನ್ನು ಹೇಸರಗತ್ತೆಗಳು ಮತ್ತೆ ಬೆಟ್ಟಕ್ಕೆ ಎಳೆದೊಯ್ಯುತ್ತಿದ್ದವು. 1843ರಲ್ಲಿ ಹೊಸ ಕೌಂಟಿ ರಚನೆಯಾದಾಗ ಅದಕ್ಕೆ ಕಾರ್ಬನ್ ಎಂಬ ಹೆಸರು ಬಂದುದೂ ಕಲ್ಲಿದ್ದಲಿನಿಂದಲೇ.

ಗಣಿಗಳ ಒಡೆತನ ಕಂಪನಿಗಳ ಹಾಗೂ ರೈಲ್ವೆಗಳ ಕೈಯಲ್ಲಿತ್ತು. ಮೇಲ್ವಿಚಾರಕರು, ನುರಿತ ಗಣಿಗಾರರು ಬಹುಪಾಲು ವೆಲ್ಷ್ ಮತ್ತು ಇಂಗ್ಲಿಷ್ ಮೂಲದವರು. 1845ರಿಂದ 1852ರವರೆಗಿನ ಮಹಾಕ್ಷಾಮದ ಕಾಲದಲ್ಲಿ ಮತ್ತು ಅದರ ನಂತರ ಬಂದ ಐರಿಷ್ ಕ್ಯಾಥೊಲಿಕ್ ವಲಸಿಗರಿಗೆ ದೊರೆತುದು ಕಡಿಮೆ ಕೂಲಿಯ, ಹೆಚ್ಚಿನ ಅಪಾಯದ ಕೆಲಸ. ಕಂಪನಿಯ ಮನೆಯಲ್ಲಿ ವಾಸ, ಕಂಪನಿಯ ಅಂಗಡಿಯಲ್ಲಿ ಸಾಲ, ಕಂಪನಿಯ ಪೊಲೀಸರ ಕಾವಲು ಎಂಬಂತಿತ್ತು ಅವರ ಬದುಕು. 1869ರ ಸೆಪ್ಟೆಂಬರ್ 6ರಂದು ಏವನ್‌ಡೇಲ್ ಗಣಿಯಲ್ಲಿ ಬೆಂಕಿ ಬಿದ್ದು 110 ಜನ ಸತ್ತರು. ಆ ಗಣಿಗೆ ಒಳಹೋಗಲು, ಹೊರಬರಲು ಇದ್ದುದು ಒಂದೇ ದಾರಿ. ಇಂಥ ಸ್ಥಿತಿಯಲ್ಲಿ ಜಾನ್ ಸೈನಿ ಎಂಬ ನಾಯಕನ ಮುಂದಾಳತ್ವದಲ್ಲಿ 1868ರಲ್ಲಿ ಆರಂಭವಾದ ಕಾರ್ಮಿಕರ ಸಂಘವು ಎಲ್ಲ ಮೂಲದ ಗಣಿಗಾರರನ್ನೂ ಒಂದುಗೂಡಿಸಿತು. 1875ರ ಜನವರಿಯಿಂದ ಜೂನ್‌ವರೆಗೆ ನಡೆದ ‘ದೀರ್ಘ ಮುಷ್ಕರ’ದಲ್ಲಿ ಆ ಸಂಘ ಸೋತು ನಾಶವಾಯಿತು. ಸೆರೆಮನೆಯ ಕಥೆಗೂ ಈ ಸೋಲಿಗೂ ನೇರವಾದ ಸಂಬಂಧವಿದೆ.

ಕಟ್ಟಡದ ಸ್ವರೂಪ

ಸೆರೆಮನೆಯ ನಿರ್ಮಾಣ 1869ರಲ್ಲಿ ಆರಂಭವಾಗಿ 1871ರ ವೇಳೆಗೆ ಮುಗಿಯಿತು. ಇದರ ವಾಸ್ತುಶಿಲ್ಪಿ ಎಡ್ವರ್ಡ್ ಹ್ಯಾವಿಲೆಂಡ್. ಆತನ ತಂದೆ ಜಾನ್ ಹ್ಯಾವಿಲೆಂಡ್ ಫಿಲಡೆಲ್ಫಿಯಾದ ಪ್ರಸಿದ್ಧ ಈಸ್ಟರ್ನ್ ಸ್ಟೇಟ್ ಸೆರೆಮನೆಯನ್ನು ವಿನ್ಯಾಸಗೊಳಿಸಿದವನು. 1829ರಲ್ಲಿ ತೆರೆದ ಆ ಸೆರೆಮನೆಯು ಒಬ್ಬೊಬ್ಬ ಕೈದಿಯನ್ನೂ ಪ್ರತ್ಯೇಕ ಕೋಣೆಯಲ್ಲಿ ಏಕಾಂತದಲ್ಲಿಟ್ಟು, ಆತ್ಮವಿಮರ್ಶೆಯ ಮೂಲಕ ಪಶ್ಚಾತ್ತಾಪಕ್ಕೆ ಹಚ್ಚಬೇಕೆಂಬ ತತ್ತ್ವದ ಮೇಲೆ ನಿಂತಿತ್ತು. ಪೆನ್ಸಿಲ್ವೇನಿಯಾ ಪದ್ಧತಿಯೆಂದು ಇದು ಹೆಸರಾಯಿತು. ಮಗ ಕಟ್ಟಿದ ಕೌಂಟಿ ಸೆರೆಮನೆಯಲ್ಲಿ ಆ ತತ್ತ್ವದ ನೆರಳು ಕಾಣುತ್ತದೆ.

ಕಟ್ಟಡವು ಬ್ರಾಡ್‌ವೇ ಎಂಬ ಬೀದಿಯ ಮೇಲ್ತುದಿಯಲ್ಲಿ, ಬೆಟ್ಟದ ಇಳಿಜಾರಿಗೆ ಒತ್ತಿಕೊಂಡು ನಿಂತಿದೆ. ಒರಟು ಮೈಯ ಕಲ್ಲಿನ ದಪ್ಪ ಗೋಡೆಗಳು, ಕಮಾನಿನ ಕಿಟಕಿಗಳು, ಮುಂಭಾಗದ ಮೇಲೆ ಎದ್ದ ಕಾವಲು ಗೋಪುರ ಇವುಗಳಿಂದ ಅದು ಸಣ್ಣ ಕೋಟೆಯಂತೆ ತೋರುತ್ತದೆ. ಮುಂಭಾಗದಲ್ಲಿ ಸೆರೆಮನೆಯ ಅಧಿಕಾರಿ ಕುಟುಂಬ ಸಮೇತ ವಾಸಿಸುವ ಮನೆ. ಅದರ ಹಿಂದೆ ಎರಡು ಅಂತಸ್ತಿನ ಕೋಣೆಗಳ ಸಾಲು. ಮಧ್ಯದಲ್ಲಿ ಮೇಲಿನಿಂದ ಬೆಳಕು ಬೀಳುವ ಉದ್ದನೆಯ ಪಡಸಾಲೆ. ಮುಖ್ಯ ಕೋಣೆಗಳು 28. ಹೆಂಗಸರಿಗೆ ಮೇಲಂತಸ್ತಿನಲ್ಲಿ ಬೇರೆ ವ್ಯವಸ್ಥೆಯಿತ್ತು. ನೆಲದಡಿಯಲ್ಲಿ ಏಕಾಂತ ಶಿಕ್ಷೆಯ ಕತ್ತಲ ಕೋಣೆಗಳಿದ್ದವು. ಅವು 1980ರವರೆಗೂ ಬಳಕೆಯಲ್ಲಿದ್ದವು. ಅಧಿಕಾರಿಯ ಮನೆ ಮತ್ತು ಕೈದಿಯ ಕೋಣೆ ಒಂದೇ ಸೂರಿನಡಿ ಇದ್ದುದರಿಂದ, ಒಳಗೆ ನಡೆದ ಘಟನೆಗಳ ಸುದ್ದಿ ಅಡುಗೆಮನೆಯ ಮೂಲಕ ಊರಿಗೆ ಹೋಗುವ ದಾರಿ ಕಟ್ಟಡದ ವಿನ್ಯಾಸದಲ್ಲಿಯೇ ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನೊಂದು ಅಂಶವೂ ಮುಖ್ಯವಾದುದು. ಬಹಿರಂಗ ಸ್ಥಳದಲ್ಲಿ ಗಲ್ಲಿಗೇರಿಸುವ ಪದ್ಧತಿಯನ್ನು ಪೆನ್ಸಿಲ್ವೇನಿಯಾ 1834ರಲ್ಲಿಯೇ ನಿಲ್ಲಿಸಿತ್ತು. ಅಲ್ಲಿಂದ ಮುಂದೆ ಗಲ್ಲುಶಿಕ್ಷೆ ಕೌಂಟಿ ಸೆರೆಮನೆಯ ಗೋಡೆಗಳ ಒಳಗೆ ನಡೆಯತೊಡಗಿತು. 1913ರ ಶಾಸನದಿಂದ ವಿದ್ಯುತ್ ಕುರ್ಚಿ ಬಂದು, ಮರಣದಂಡನೆ ರಾಜ್ಯದ ಸೆರೆಮನೆಗೆ ವರ್ಗವಾಗುವ ತನಕ ಇದೇ ವ್ಯವಸ್ಥೆ ಮುಂದುವರಿಯಿತು. ಬಹಿರಂಗ ಗಲ್ಲಿನಲ್ಲಿ ಸಾಯುವವನ ಕಡೆಯ ಮಾತನ್ನು ಸಾವಿರಾರು ಜನ ಕೇಳುತ್ತಿದ್ದರು. ಗೋಡೆಯ ಒಳಗಿನ ಗಲ್ಲಿಗೆ ಸಾಕ್ಷಿಯಾಗುತ್ತಿದ್ದವರು ಅಧಿಕಾರಿಗಳು, ಪತ್ರಕರ್ತರು, ಪಾದ್ರಿಗಳು ಮತ್ತು ಆಹ್ವಾನಿತರು ಮಾತ್ರ. ಹೊರಗೆ ನಿಂತ ಜನಸಮುದಾಯ ಕಾಣದೆ ಹೋದುದನ್ನು ಕಥೆಯಿಂದ ತುಂಬಿಕೊಂಡಿತು. ಸೆರೆಮನೆಯ ಐತಿಹ್ಯಗಳು ಹುಟ್ಟುವುದಕ್ಕೆ ಇದು ಒಂದು ಪ್ರಬಲ ಕಾರಣ.

‘ಮಾಲಿ ಮಗ್ವೈರ್ಸ್’ ಪ್ರಕರಣ

ಐರ್ಲೆಂಡಿನ ಗ್ರಾಮೀಣ ಭಾಗಗಳಲ್ಲಿ ಜಮೀನ್ದಾರರ ಮತ್ತು ಅವರ ಕಾರಕೂನರ ವಿರುದ್ಧ ಗುಟ್ಟಾಗಿ ಸೇಡು ತೀರಿಸುವ ಗುಂಪುಗಳ ಪರಂಪರೆಯಿತ್ತು. ಗುರುತು ಸಿಗದಂತೆ ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಬರುತ್ತಿದ್ದ ಅಂಥ ಒಂದು ಗುಂಪಿನ ಹೆಸರು ‘ಮಾಲಿ ಮಗ್ವೈರ್ಸ್’. ಮಾಲಿ ಮಗ್ವೈರ್ ಎಂಬಾಕೆ ಜಮೀನ್ದಾರನಿಂದ ಮನೆ ಕಳೆದುಕೊಂಡ ವಿಧವೆಯೆಂದು ಕಥೆಗಳು ಹೇಳುತ್ತವೆ; ಆಕೆ ಚಾರಿತ್ರಿಕ ವ್ಯಕ್ತಿಯಲ್ಲ, ಜನಪದ ಕಲ್ಪನೆಯ ವ್ಯಕ್ತಿ. ಅದೇ ಹೆಸರು ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾದ ಗಣಿ ಪ್ರದೇಶಕ್ಕೂ ಬಂತು. 1860 ಮತ್ತು 70ರ ದಶಕಗಳಲ್ಲಿ ಅಲ್ಲಿ ನಡೆದ ಗಣಿ ಅಧಿಕಾರಿಗಳ ಕೊಲೆಗಳನ್ನು ಈ ಗುಪ್ತಕೂಟದ ಮೇಲೆ ಹೊರಿಸಲಾಯಿತು. ಮಾಕ್ ಚಂಕ್ ಸೆರೆಮನೆಗೆ ಸಂಬಂಧಿಸಿದ ಕೊಲೆಗಳು ಮೂರು: 1863ರಲ್ಲಿ ಆಡೆನ್‌ರೀಡ್‌ನಲ್ಲಿ ನಡೆದ ಗಣಿ ಮಾಲೀಕ ಜಾರ್ಜ್ ಸ್ಮಿತ್‌ನ ಕೊಲೆ, 1871ರಲ್ಲಿ ಸಮಿಟ್ ಹಿಲ್‌ನಲ್ಲಿ ನಡೆದ ಮೋರ್ಗನ್ ಪೊವೆಲ್‌ನ ಕೊಲೆ, 1875ರ ಸೆಪ್ಟೆಂಬರ್ 3ರಂದು ಲ್ಯಾನ್ಸ್‌ಫರ್ಡ್‌ನಲ್ಲಿ ನಡೆದ ಮೇಲ್ವಿಚಾರಕ ಜಾನ್ ಜೋನ್ಸ್‌ನ ಕೊಲೆ. ಬೆಳಗಿನ ಹೊತ್ತು ಕೆಲಸಕ್ಕೆ ನಡೆದು ಹೋಗುತ್ತಿದ್ದ ಜೋನ್ಸ್‌ನನ್ನು ದಾರಿಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು.

ತನಿಖೆ ನಡೆದ ರೀತಿಯು ಈ ಪ್ರಕರಣದ ನೈತಿಕ ಪ್ರಶ್ನೆಯ ಮೂಲ. ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್ವೆಯ ಅಧ್ಯಕ್ಷ ಫ್ರಾಂಕ್ಲಿನ್ ಗೋವನ್ ಖಾಸಗಿ ಪತ್ತೇದಾರಿ ಸಂಸ್ಥೆಯಾದ ಪಿಂಕರ್ಟನ್ ಸಂಸ್ಥೆಗೆ ಕೆಲಸ ಒಪ್ಪಿಸಿದನು. ಆ ಸಂಸ್ಥೆಯ ಜೇಮ್ಸ್ ಮೆಕ್‌ಪಾರ್ಲಂಡ್ ಎಂಬವನು 1873ರ ಕೊನೆಯಲ್ಲಿ ಜೇಮ್ಸ್ ಮೆಕೆನ್ನಾ ಎಂಬ ಸುಳ್ಳು ಹೆಸರಿನಿಂದ ಗಣಿ ಪ್ರದೇಶಕ್ಕೆ ಬಂದು, ಐರಿಷರ ಸೋದರ ಸಂಘವಾದ ‘ಏನ್ಷಿಯೆಂಟ್ ಆರ್ಡರ್ ಆಫ್ ಹೈಬರ್ನಿಯನ್ಸ್’ ಸೇರಿ ಎರಡು ವರ್ಷಕ್ಕೂ ಮಿಕ್ಕಿ ಒಳಗಿನವನಂತೆ ಬದುಕಿದನು. ಮುಂದೆ ಅವನ ಹೇಳಿಕೆಯೇ ಅನೇಕ ಮೊಕದ್ದಮೆಗಳಿಗೆ ಆಧಾರವಾಯಿತು. ಬಂಧಿಸಿದವರಲ್ಲಿ ಕಲ್ಲಿದ್ದಲು ಕಂಪನಿಗಳ ಖಾಸಗಿ ಪೊಲೀಸರಿದ್ದರು. ಅಭಿಯೋಜಕರಾಗಿ ನಿಂತವರಲ್ಲಿ ಕಂಪನಿಗಳ ವಕೀಲರಿದ್ದರು. ನೆರೆಯ ಸ್ಕೂಲ್‌ಕಿಲ್ ಕೌಂಟಿಯ ಮೊಕದ್ದಮೆಗಳಲ್ಲಿ ಗೋವನ್ ತಾನೇ ವಾದಿಸಿದನು. ಮಾಕ್ ಚಂಕ್‌ನಲ್ಲಿ ಕಲ್ಲಿದ್ದಲು ಕಂಪನಿಯ ವಕೀಲನೂ ಅಂತರ್ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವನೂ ಆದ ಚಾರ್ಲ್ಸ್ ಆಲ್‌ಬ್ರೈಟ್ ವಾದಿಸಿದನು. ಜ್ಯೂರಿಯಲ್ಲಿ ಐರಿಷ್ ಕ್ಯಾಥೊಲಿಕರಿಗೆ ಸ್ಥಾನವಿರಲಿಲ್ಲ. ಜರ್ಮನ್ ಮೂಲದ, ಇಂಗ್ಲಿಷ್ ಅಷ್ಟಾಗಿ ಬಾರದ ರೈತರು ಅದರಲ್ಲಿದ್ದರು. ತನಿಖೆ, ಬಂಧನ, ಅಭಿಯೋಜನೆಗಳೆಲ್ಲ ಖಾಸಗಿ ಕೈಗಳಲ್ಲಿದ್ದು, ನ್ಯಾಯಾಲಯದ ಕೊಠಡಿ ಮತ್ತು ನೇಣಿನ ಏರ್ಪಾಟು ಮಾತ್ರ ಪ್ರಭುತ್ವದ್ದಾಗಿತ್ತೆಂಬುದು ಇತಿಹಾಸಕಾರ ಹೆರಾಲ್ಡ್ ಆರಂಡ್ ಅವರ ತೀರ್ಮಾನದ ಸಾರ.

ಇದರ ಇನ್ನೊಂದು ಮುಖವೂ ಉಂಟು. 1875ರ ಡಿಸೆಂಬರ್ 10ರ ನಸುಕಿನಲ್ಲಿ ವಿಗನ್ಸ್ ಪ್ಯಾಚ್ ಎಂಬ ಗಣಿ ಕೇರಿಯ ಐರಿಷ್ ಮನೆಯೊಂದಕ್ಕೆ ಮುಸುಕುಧಾರಿಗಳು ನುಗ್ಗಿ ಚಾರ್ಲ್ಸ್ ಓಡೊನೆಲ್ ಮತ್ತು ಎಲೆನ್ ಮೆಕ್‌ಆಲಿಸ್ಟರ್ ಎಂಬಿಬ್ಬರನ್ನು ಕೊಂದರು. ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಒಂದು ಬಗೆಯ ಕೊಲೆಗೆ ಗಲ್ಲು, ಇನ್ನೊಂದು ಬಗೆಯ ಕೊಲೆಗೆ ಮೌನ ಎಂಬ ಈ ಅಸಮಾನತೆಯನ್ನು ಗಣಿಗಾರರ ಕುಟುಂಬಗಳು ಮರೆಯಲಿಲ್ಲ.

ಸೆರೆಮನೆಯೊಳಗಿನ ಏಳು ಸಾವುಗಳು

ಮೊದಲ ವಿಚಾರಣೆ 1876ರ ಜನವರಿಯಲ್ಲಿ ಮಾಕ್ ಚಂಕ್‌ನಲ್ಲಿ ನಡೆದು, ಜೋನ್ಸ್ ಕೊಲೆಗಾಗಿ ಮೈಕೆಲ್ ಡಾಯ್ಲ್ ಎಂಬವನಿಗೆ ಮರಣದಂಡನೆಯಾಯಿತು. ಅದೇ ಕೊಲೆಯಲ್ಲಿ ಸಿಕ್ಕಿಬಿದ್ದಿದ್ದ ಜೇಮ್ಸ್ ಕೆರಿಗನ್ ಮಾಫಿಸಾಕ್ಷಿಯಾಗಿ ತನ್ನ ಕೊರಳು ಉಳಿಸಿಕೊಂಡನು. ಎಡ್ವರ್ಡ್ ಕೆಲಿ, ಜಾನ್ ಡೊನಹ್ಯೂ, ಅಲೆಕ್ಸಾಂಡರ್ ಕ್ಯಾಂಬೆಲ್ ಒಬ್ಬೊಬ್ಬರಾಗಿ ದೋಷಿಗಳೆಂದು ತೀರ್ಮಾನವಾಯಿತು. ಫಿಲಡೆಲ್ಫಿಯಾದ ಆರ್ಚ್‌ಬಿಷಪ್ ಜೇಮ್ಸ್ ವುಡ್ ಗುಪ್ತಕೂಟದವರನ್ನು ಚರ್ಚಿನಿಂದ ಬಹಿಷ್ಕರಿಸಿದ್ದನಾಗಿ, ಆಪಾದಿತರಿಗೆ ಧರ್ಮಸಂಸ್ಥೆಯ ಆಸರೆಯೂ ತಪ್ಪಿತ್ತು.

1877ರ ಜೂನ್ 21, ಗುರುವಾರ. ಅಂದು ಪಾಟ್ಸ್‌ವಿಲ್ ಸೆರೆಮನೆಯಲ್ಲಿ ಆರು ಜನರನ್ನು, ಮಾಕ್ ಚಂಕ್ ಸೆರೆಮನೆಯಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಕಲ್ಲಿದ್ದಲು ಪ್ರದೇಶದ ಜನಸ್ಮೃತಿಯಲ್ಲಿ ಇದು ‘ಹಗ್ಗದ ದಿನ’ ಎಂದು ಉಳಿದಿದೆ. ಮಾಕ್ ಚಂಕ್‌ನಲ್ಲಿ ಗಲ್ಲುಗಂಬವನ್ನು ಕೋಣೆಗಳ ಸಾಲಿನ ನಡುವಿನ ಪಡಸಾಲೆಯಲ್ಲಿಯೇ ನಿಲ್ಲಿಸಲಾಗಿತ್ತು. ಕ್ಯಾಂಬೆಲ್, ಡಾಯ್ಲ್, ಕೆಲಿ, ಡೊನಹ್ಯೂ ನಾಲ್ವರನ್ನೂ ಒಂದೇ ಸಲಕ್ಕೆ ನೇಣಿಗೆ ಹಾಕಲಾಯಿತು. ತಮ್ಮ ಕೋಣೆಗಳಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಅವರು ಸತ್ತರು. 1878ರ ಮಾರ್ಚ್ 28ರಂದು ಥಾಮಸ್ ಫಿಶರ್ ಎಂಬವನನ್ನು, 1879ರ ಜನವರಿ 14ರಂದು ಜೇಮ್ಸ್ ಮೆಕ್‌ಡೊನೆಲ್ ಮತ್ತು ಚಾರ್ಲ್ಸ್ ಶಾರ್ಪ್ ಎಂಬಿಬ್ಬರನ್ನು ಅಲ್ಲಿಯೇ ಗಲ್ಲಿಗೇರಿಸಲಾಯಿತು. ಕಡೆಯ ಇಬ್ಬರ ಶಿಕ್ಷೆಯನ್ನು ಮುಂದೂಡಿ ರಾಜ್ಯಪಾಲ ಹಾರ್ಟ್‌ರಾನ್ಫ್ಟ್ ಕಳುಹಿಸಿದ ತಂತಿ ಸೆರೆಮನೆಯ ಬಾಗಿಲಿಗೆ ಬರುವ ವೇಳೆಗೆ ಗಲ್ಲಿನ ಹಲಗೆ ಜಾರಿ ಕ್ಷಣಗಳಷ್ಟೇ ಆಗಿತ್ತು. 1877ರಿಂದ 1879ರವರೆಗೆ ನಾಲ್ಕು ಕೌಂಟಿಗಳಲ್ಲಿ ಒಟ್ಟು 20 ಜನರನ್ನು ಈ ಪ್ರಕರಣಗಳಲ್ಲಿ ಗಲ್ಲಿಗೇರಿಸಲಾಯಿತು. ಅವರಲ್ಲಿ ಏಳು ಜನ ಸತ್ತುದು ಈ ಒಂದು ಕಟ್ಟಡದಲ್ಲಿ.

ಅಂಗೈ ಗುರುತಿನ ಐತಿಹ್ಯ

ಐತಿಹ್ಯದ ತಿರುಳು ಹೀಗಿದೆ. ಗಲ್ಲಿಗೆ ಕರೆದೊಯ್ಯಲು ಷೆರಿಫ್ ಬಂದಾಗ ಹದಿನೇಳನೆಯ ಕೋಣೆಯ ಕೈದಿಯು ತಾನು ನಿರಪರಾಧಿಯೆಂದು ಸಾರುತ್ತಾನೆ. ಬಗ್ಗಿ ಅಂಗೈಯನ್ನು ನೆಲದ ಧೂಳಿಗೆ ಒತ್ತಿ, ಅದೇ ಕೈಯನ್ನು ಗೋಡೆಯ ಮೇಲೆ ಊರುತ್ತಾನೆ. ತನ್ನ ಮಾತಿಗೆ ಈ ಗುರುತೇ ಸಾಕ್ಷಿ, ನಿರಪರಾಧಿಯನ್ನು ಕೊಂದ ಕೌಂಟಿಯ ಅಪಕೀರ್ತಿಯ ಕುರುಹಾಗಿ ಇದು ಎಂದೆಂದಿಗೂ ಅಳಿಯದೆ ಉಳಿಯುವುದೆಂದು ಹೇಳಿ ಗಲ್ಲಿಗೆ ನಡೆಯುತ್ತಾನೆ. ಮುಂದೆ ತೊಳೆದರೂ ಉಜ್ಜಿದರೂ ಗುರುತು ಹೋಗುವುದಿಲ್ಲ. 1930ರ ಸುಮಾರಿಗೆ ಒಬ್ಬ ಷೆರಿಫ್ ಆ ಭಾಗದ ಗೋಡೆಯನ್ನು ಕೆಡವಿಸಿ ಹೊಸ ಗಿಲಾವು ಮಾಡಿಸಿದನೆಂದೂ ಬೆಳಗಾಗುವುದರಲ್ಲಿ ಗುರುತು ಮತ್ತೆ ಮೂಡಿತ್ತೆಂದೂ ಹೇಳುತ್ತಾರೆ. 1960ರ ಸುಮಾರಿಗೆ ಇನ್ನೊಬ್ಬನು ಹಸಿರು ಬಣ್ಣ ಬಳಿಸಿದನು. ಬಣ್ಣದ ಮೇಲೆಯೂ ಅಂಗೈ ಕಾಣಿಸಿಕೊಂಡಿತಂತೆ. ವಿಧಿವಿಜ್ಞಾನಿ ಜೇಮ್ಸ್ ಸ್ಟಾರ್ಸ್ ತಮ್ಮ ಸಹೋದ್ಯೋಗಿಯೊಡನೆ ಬಂದು ಉಪಕರಣಗಳಿಂದ ಪರೀಕ್ಷಿಸಿದರೂ ವಿವರಣೆ ಸಿಗಲಿಲ್ಲವೆಂಬ ಮಾತು ಇತ್ತೀಚಿನ ನಿರೂಪಣೆಗಳಲ್ಲಿ ಸೇರಿಕೊಂಡಿದೆ.

ಅಂಗೈ ಯಾರದೆಂಬ ಬಗ್ಗೆ ಪಾಠಾಂತರಗಳಿವೆ. ಅಲೆಕ್ಸಾಂಡರ್ ಕ್ಯಾಂಬೆಲ್‌ನದೆಂಬ ಪಾಠವೇ ಇಂದು ಹೆಚ್ಚು ಪ್ರಚಲಿತ. ಥಾಮಸ್ ಫಿಶರ್‌ನದೆಂಬ ಪಾಠವೂ ಇದೆ. ಮೌಖಿಕ ಪರಂಪರೆಯಲ್ಲಿ ಪಾತ್ರದ ಹೆಸರು ಬದಲಾಗಿಯೂ ಆಶಯ ಸ್ಥಿರವಾಗಿ ಉಳಿಯುವುದು ಸಾಮಾನ್ಯ. ಸ್ಟಿತ್ ಥಾಂಪ್ಸನ್ ಅವರ ಆಶಯ ಸೂಚಿಯಲ್ಲಿ ಮರಣದಂಡನೆಯ ವೇಳೆ ನಡೆಯುವ ಅದ್ಭುತವು ನಿರಪರಾಧಿತ್ವವನ್ನು ಸಾರುವ ಆಶಯಕ್ಕೆ ಎಚ್ 215 ಎಂಬ ಸಂಖ್ಯೆಯಿದೆ. ಕೊಲೆ ನಡೆದಲ್ಲಿ ಅಳಿಸಲಾಗದ ರಕ್ತದ ಕಲೆ ಉಳಿಯುವ ಆಶಯಕ್ಕೂ ಪ್ರತ್ಯೇಕ ಸ್ಥಾನವಿದೆ. ಮಾಕ್ ಚಂಕ್‌ನ ಐತಿಹ್ಯದಲ್ಲಿ ಈ ಎರಡು ಆಶಯಗಳು ಕೂಡಿಕೊಂಡಿವೆ. ಅಲಬಾಮಾ ರಾಜ್ಯದ ಪಿಕೆನ್ಸ್ ಕೌಂಟಿಯ ಹಳೆಯ ನ್ಯಾಯಾಲಯದ ಕಟ್ಟಡಕ್ಕೆ ಸಂಬಂಧಿಸಿ ಇದಕ್ಕೆ ಸಮಾನವಾದ ಐತಿಹ್ಯವೊಂದಿದೆ. ಕಟ್ಟಡಕ್ಕೆ ಬೆಂಕಿಯಿಟ್ಟನೆಂಬ ಆಪಾದನೆಯ ಮೇಲೆ 1878ರಲ್ಲಿ ಅಟ್ಟದಲ್ಲಿ ಕೂಡಿಹಾಕಿದ್ದ ಹೆನ್ರಿ ವೆಲ್ಸ್ ಎಂಬ ಕಪ್ಪು ಮನುಷ್ಯನು ಕೊಲ್ಲಲು ನೆರೆದ ಗುಂಪನ್ನು ನೋಡುತ್ತಿರುವಾಗ ಮಿಂಚು ಹೊಡೆದು, ಅವನ ಮುಖ ಕಿಟಕಿಯ ಗಾಜಿನಲ್ಲಿ ಅಚ್ಚಾಯಿತೆಂಬುದು ಆ ಕಥೆ. ಒಂದು ಕಡೆ ಐರಿಷ್ ವಲಸಿಗ, ಇನ್ನೊಂದು ಕಡೆ ದಾಸ್ಯದಿಂದ ಬಿಡುಗಡೆ ಹೊಂದಿದ ಸಮುದಾಯದವನು. ಎರಡು ಕಡೆಯೂ ನ್ಯಾಯಾಲಯದಲ್ಲಿ ಮಾತಿಗೆ ಬೆಲೆಯಿಲ್ಲದವನ ಪರವಾಗಿ ಕಟ್ಟಡವೇ ಸಾಕ್ಷಿ ನುಡಿಯುತ್ತದೆ.

ಐತಿಹ್ಯದ ಅರ್ಥ

ಈ ಐತಿಹ್ಯದಲ್ಲಿ ಅಂಗೈಯೇ ಏಕೆ ಬಂತೆಂಬ ಪ್ರಶ್ನೆಗೆ ಮೊಕದ್ದಮೆಯ ಸ್ವರೂಪದಲ್ಲಿಯೇ ಉತ್ತರವಿದೆ. ಐರ್ಲೆಂಡಿನ ಡೊನೆಗಾಲ್ ಪ್ರದೇಶದಿಂದ 1868ರಲ್ಲಿ ವಲಸೆ ಬಂದ ಕ್ಯಾಂಬೆಲ್ ಗಲ್ಲಿಗೇರುವ ಕಾಲಕ್ಕೆ ಗಣಿ ಕಾರ್ಮಿಕನಾಗಿರಲಿಲ್ಲ. ಲ್ಯಾನ್ಸ್‌ಫರ್ಡ್‌ನಲ್ಲಿ ಪಾನಗೃಹವನ್ನು ನಡೆಸುತ್ತಿದ್ದನು. ಜೋನ್ಸ್‌ನ ಮೇಲೆ ಗುಂಡು ಹಾರಿಸಿದವನು ಅವನೆಂದು ಯಾರೂ ಹೇಳಲಿಲ್ಲ. ಕೊಲೆಯ ಸಂಚಿಗೆ ಅವನು ಒತ್ತಾಸೆಯಾಗಿದ್ದನೆಂಬುದು ಆಪಾದನೆ. ಪ್ರಭುತ್ವದ ದೃಷ್ಟಿಯಲ್ಲಿ ಸಂಚಿಗೂ ಕೃತ್ಯಕ್ಕೂ ಒಂದೇ ಶಿಕ್ಷೆ. ಆದರೆ ಜನಪದ ನ್ಯಾಯಪ್ರಜ್ಞೆ ಕೈಯನ್ನು ನೋಡುತ್ತದೆ. ಬಂದೂಕು ಹಿಡಿಯದ ಕೈ ನಿರಪರಾಧಿ ಕೈ. ಆದ್ದರಿಂದ ಐತಿಹ್ಯವು ಆ ಕೈಯನ್ನೇ ಸಾಕ್ಷಿಕಟ್ಟೆಗೆ ತಂದು ನಿಲ್ಲಿಸುತ್ತದೆ. ಫಿಶರ್‌ಗಿಂತ ಕ್ಯಾಂಬೆಲ್‌ನ ಹೆಸರು ಕಥೆಯಲ್ಲಿ ಗಟ್ಟಿಯಾಗಿ ನೆಲೆಯೂರಿದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಎರಡನೆಯದಾಗಿ, ಬರವಣಿಗೆಯ ಪ್ರಶ್ನೆಯಿದೆ. ಮಾಲಿ ಮಗ್ವೈರ್ಸ್ ಕುರಿತು ಲಭ್ಯವಿರುವ ಲಿಖಿತ ಸಾಮಗ್ರಿಯೆಲ್ಲ ಅವರ ವಿರೋಧಿಗಳು ಬರೆದಿಟ್ಟುದು: ಪತ್ತೇದಾರನ ವರದಿಗಳು, ಅಭಿಯೋಜಕರ ವಾದಗಳು, ಪತ್ರಿಕೆಗಳು. ಪತ್ತೇದಾರಿ ಸಂಸ್ಥೆಯ ಸ್ಥಾಪಕ ಅಲನ್ ಪಿಂಕರ್ಟನ್ 1877ರಲ್ಲಿಯೇ ಈ ಬಗ್ಗೆ ಪುಸ್ತಕ ಪ್ರಕಟಿಸಿದನು. ಆರ್ಥರ್ ಕಾನನ್ ಡಾಯ್ಲ್ ಷೆರ್ಲಾಕ್ ಹೋಮ್ಸ್ ಕಾದಂಬರಿಯಾದ ‘ದಿ ವ್ಯಾಲಿ ಆಫ್ ಫಿಯರ್’ಗೆ ಇದೇ ಪ್ರಕರಣದಿಂದ ವಸ್ತು ಪಡೆದನು. ಆಪಾದಿತರು ತಮ್ಮ ಕುರಿತು ಬಹುತೇಕ ಏನನ್ನೂ ಬರೆದಿಡಲಿಲ್ಲವೆಂಬುದನ್ನು 1998ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಇತಿಹಾಸಕಾರ ಕೆವಿನ್ ಕೆನಿ ಎತ್ತಿ ತೋರಿಸಿದ್ದಾರೆ. ಕಡತದಲ್ಲಿ ಜಾಗ ಸಿಗದವರು ಗೋಡೆಯ ಮೇಲೆ ಜಾಗ ಮಾಡಿಕೊಂಡರು ಎಂದು ಈ ಐತಿಹ್ಯವನ್ನು ಓದಬಹುದು. ಅದು ಅಕ್ಷರವಲ್ಲದ ಬರಹ, ಹೆಬ್ಬೆಟ್ಟಿನ ಬದಲು ಇಡೀ ಅಂಗೈಯನ್ನೊತ್ತಿದ ರುಜು. ಗಣಿಗಾರರ ಹಾಡು, ಕಥೆಗಳನ್ನು ಸಂಗ್ರಹಿಸಿದ ಜಾರ್ಜ್ ಕಾರ್ಸನ್ ಅವರ ‘ಮಿನ್‌ಸ್ಟ್ರೆಲ್ಸ್ ಆಫ್ ದಿ ಮೈನ್ ಪ್ಯಾಚ್’ (1938) ಎಂಬ ಸಂಕಲನವು ಮಾಲಿ ಮಗ್ವೈರ್ಸ್ ಕುರಿತಾದ ಮೌಖಿಕ ಪರಂಪರೆ ಅರವತ್ತು ವರ್ಷಗಳ ಬಳಿಕವೂ ಜೀವಂತವಾಗಿದ್ದುದನ್ನು ತೋರಿಸಿಕೊಟ್ಟಿತು.

ಮೂರನೆಯದಾಗಿ, ಅಳಿಸುವ ಯತ್ನಗಳ ಕಥನವನ್ನು ಗಮನಿಸಬೇಕು. ಗುರುತು ಉಳಿದಿದೆಯೆಂಬುದಷ್ಟೇ ಕಥೆಯಾಗಿದ್ದರೆ ಅದು ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಅಧಿಕಾರಿ ಅಳಿಸಿದನು, ಗುರುತು ಮರಳಿತು ಎಂಬ ಆವರ್ತನೆಯೇ ಅದನ್ನು ತಲೆಮಾರಿನಿಂದ ತಲೆಮಾರಿಗೆ ಬೆಳೆಸಿದೆ. ಗಿಲಾವು, ಬಣ್ಣ, ಉಪಕರಣ ಹೀಗೆ ಕಾಲಕ್ಕೆ ತಕ್ಕ ಎದುರಾಳಿ ಕಥೆಯೊಳಗೆ ಬರುತ್ತಾನೆ. ಐತಿಹ್ಯದ ಜೀವಾಳ ನಂಬಿಕೆಯಲ್ಲಿರುವುದಕ್ಕಿಂತ ನಂಬಿಕೆಯ ಕುರಿತಾದ ವಾದದಲ್ಲಿದೆಯೆಂದು ಲಿಂಡಾ ದೇಗ್ ಹೇಳಿರುವುದು ಇಲ್ಲಿ ಚೆನ್ನಾಗಿ ಅನ್ವಯಿಸುತ್ತದೆ. ನಂಬುವವನಿಗೂ ನಂಬದವನಿಗೂ ಗೋಡೆಯ ಮುಂದೆ ಸಮಾನ ಅವಕಾಶವಿದೆ.

ಐತಿಹ್ಯದ ಮಿತಿಯನ್ನೂ ಹೇಳದೆ ಬಿಡಲಾಗದು. ಅದು ಗಲ್ಲಿಗೇರಿದ ಏಳು ಜನರನ್ನು ಒಬ್ಬನ ಅಂಗೈಯಲ್ಲಿ ಕೂಡಿಸುತ್ತದೆ. ಎಲ್ಲರೂ ಸಮಾನವಾಗಿ ನಿರಪರಾಧಿಗಳಾಗಿದ್ದರೆಂದು ಇಂದಿನ ಸಂಶೋಧಕರು ಹೇಳುವುದಿಲ್ಲ. ಹಿಂಸೆ ನಡೆದುದು ನಿಜ, ಅದರ ಹಿಂದೆ ಐರಿಷ್ ಗ್ರಾಮೀಣ ಪ್ರತಿಭಟನೆಯ ರೂಢಿಯಿದ್ದುದೂ ನಿಜ, ಆದರೆ ಪತ್ತೇದಾರನು ವರ್ಣಿಸಿದ ಬೃಹತ್ ಸಂಚು ಸಂದೇಹಾಸ್ಪದ ಎಂಬುದು ಕೆನಿ ಅವರ ನಿಲುವಿನ ಸಾರ. ಸೆರೆಮನೆಯ ಐತಿಹ್ಯದಲ್ಲಿ ಜೋನ್ಸ್‌ಗಾಗಲಿ, ಪೊವೆಲ್‌ಗಾಗಲಿ ಮಾತಿಲ್ಲ. ಅವರಿಗೂ ಮನೆಗಳಿದ್ದವು, ಕಾದು ಕುಳಿತವರಿದ್ದರು. ನ್ಯಾಯಬದ್ಧ ವಿಚಾರಣೆ ನಡೆಯಲಿಲ್ಲವೆಂಬುದು ಬೇರೆ, ಅಪರಾಧವೇ ನಡೆಯಲಿಲ್ಲವೆಂಬುದು ಬೇರೆ. ಐತಿಹ್ಯವು ಈ ಎರಡನ್ನೂ ಬೆಸೆದುಬಿಡುತ್ತದೆ. ಅಧ್ಯಯನವು ಅವನ್ನು ಬಿಡಿಸಿ ನೋಡಬೇಕಾಗುತ್ತದೆ.

ಸೆರೆಮನೆಯಿಂದ ಸಂಗ್ರಹಾಲಯಕ್ಕೆ

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿದ್ದಲಿನ ಉದ್ಯಮ ಕುಸಿದು ಊರು ಬಡವಾಯಿತು. ಪ್ರಸಿದ್ಧ ಕ್ರೀಡಾಪಟು ಜಿಮ್ ಥಾರ್ಪ್ 1953ರಲ್ಲಿ ತೀರಿಕೊಂಡಾಗ ಅವನ ಪತ್ನಿಯೊಡನೆ ಒಪ್ಪಂದ ಮಾಡಿಕೊಂಡು, ಅವನ ದೇಹವನ್ನು ತರಿಸಿ, ಮಾಕ್ ಚಂಕ್ ಮತ್ತು ನೆರೆಯ ಈಸ್ಟ್ ಮಾಕ್ ಚಂಕ್ ಒಂದಾಗಿ 1954ರಲ್ಲಿ ಅವನ ಹೆಸರನ್ನೇ ಊರಿಗೆ ಇಟ್ಟುಕೊಂಡವು. ಪ್ರವಾಸಿಗರನ್ನು ಸೆಳೆಯುವುದು ಅದರ ಉದ್ದೇಶ. ಹೀಗೆ ಹೊರಗಿನ ಸ್ಮೃತಿಯೊಂದನ್ನು ಎರವಲು ತಂದ ಊರಿನಲ್ಲಿ, ತನ್ನದೇ ಆದ ಕಹಿ ಸ್ಮೃತಿಯನ್ನು ಹೊತ್ತ ಸೆರೆಮನೆ ಬೀದಿಯ ಮೇಲ್ತುದಿಯಲ್ಲಿ ಬಳಕೆಯಲ್ಲಿಯೇ ಇತ್ತು. 1974ರಲ್ಲಿ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು. 1979ರ ಜನವರಿಯಲ್ಲಿ ರಾಜ್ಯಪಾಲ ಮಿಲ್ಟನ್ ಶಾಪ್, ಗುಂಪಿನ ನಾಯಕನೆಂದು 1878ರ ಡಿಸೆಂಬರ್‌ನಲ್ಲಿ ಪಾಟ್ಸ್‌ವಿಲ್‌ನಲ್ಲಿ ಗಲ್ಲಿಗೇರಿಸಲಾಗಿದ್ದ ಜಾನ್ ಕೀಹೋಗೆ ಮರಣೋತ್ತರ ಕ್ಷಮಾದಾನ ನೀಡಿದನು. ನೂರು ವರ್ಷಗಳ ಹಿಂದಿನ ತೀರ್ಪನ್ನು ಪ್ರಭುತ್ವವೇ ಮರುಪರಿಶೀಲಿಸಿದ ಈ ಘಟನೆಯ ಹಿಂದೆ ಕುಟುಂಬಗಳು ಕಾಪಾಡಿಕೊಂಡು ಬಂದ ಸ್ಮೃತಿಯ ಒತ್ತಡವಿತ್ತು.

ಸೆರೆಮನೆ 1995ರ ಜನವರಿಯವರೆಗೆ ಕೈದಿಗಳನ್ನು ಇಟ್ಟುಕೊಂಡಿತ್ತು. ಕೌಂಟಿಯು ಅದನ್ನು ಮಾರಿದಾಗ ಸ್ಥಳೀಯರೇ ಕೊಂಡು ಸಂಗ್ರಹಾಲಯವನ್ನಾಗಿ ಮಾಡಿದರು. ಪಡಸಾಲೆಯಲ್ಲಿ ಗಲ್ಲುಗಂಬದ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ. ಹದಿನೇಳನೆಯ ಕೋಣೆಯ ಅಂಗೈ ಗುರುತನ್ನು ಸರಳುಗಳ ಹೊರಗೆ ನಿಂತು ನೋಡಬೇಕು.

ಇಲ್ಲಿ ಐತಿಹ್ಯದ ವಕ್ತೃಗಳು ಬದಲಾದುದನ್ನು ಗುರುತಿಸಬಹುದು. ಮೊದಲು ಇದು ಗಣಿ ಕೇರಿಗಳ ಐರಿಷ್ ಕುಟುಂಬಗಳ ಕಥೆ, ಕೌಂಟಿಯ ವಿರುದ್ಧ ಹಾಕಿದ ಶಾಪದ ಕಥೆ. ಮುಂದೆ ಸೆರೆ ಕಾಯುವವರ ಮತ್ತು ಕೈದಿಗಳ ಕಥೆಯಾಯಿತು. ಈಗ ಅದು ಮಾರ್ಗದರ್ಶಿಗಳ ಕಥೆ. ವಕ್ತೃ ಬದಲಾದಂತೆ ಪ್ರಶ್ನೆಯೂ ಬದಲಾಗಿದೆ. ಹಿಂದಿನ ಕೇಳುಗನ ಪ್ರಶ್ನೆ ‘ಇವನನ್ನು ಕೊಂದುದು ನ್ಯಾಯವೇ?’ ಎಂಬುದು. ಇಂದಿನ ನೋಡುಗನ ಪ್ರಶ್ನೆ ‘ಈ ಗುರುತು ನಿಜವೇ?’ ಎಂಬುದು. ಗುರುತಿನ ರಾಸಾಯನಿಕ ಸ್ವರೂಪದ ಚರ್ಚೆಯಲ್ಲಿ ನ್ಯಾಯದ ಪ್ರಶ್ನೆ ಹಿಂದೆ ಸರಿಯುವ ಅಪಾಯವಿದೆ. ಪ್ರವಾಸೋದ್ಯಮವು ಐತಿಹ್ಯಕ್ಕೆ ಆಯುಸ್ಸು ಕೊಡುತ್ತದೆ, ಆದರೆ ಅದರ ಹರಿತವನ್ನು ತೆಗೆದುಬಿಡುತ್ತದೆ.

ಸಮಾರೋಪ

ಒಟ್ಟಿನಲ್ಲಿ, ಕಾರ್ಬನ್ ಕೌಂಟಿಯ ಹಳೆಯ ಸೆರೆಮನೆಯು ಕಲ್ಲಿದ್ದಲಿನ ಸಂಪತ್ತು ಕಟ್ಟಿಸಿದ, ಆ ಸಂಪತ್ತಿನ ರಕ್ಷಣೆಗೆ ಬಳಕೆಯಾದ ಕಟ್ಟಡ. ಸುಮಾರು ನೂರ ಇಪ್ಪತ್ತೈದು ವರ್ಷ ಅದು ಸೆರೆಮನೆಯಾಗಿತ್ತು. ಅಷ್ಟು ಕಾಲದಲ್ಲಿ ಅಲ್ಲಿದ್ದು ಹೋದ ಅಸಂಖ್ಯ ಕೈದಿಗಳ ಹೆಸರುಗಳು ಮರೆತುಹೋಗಿ ಏಳು ಜನರ ಹೆಸರುಗಳಷ್ಟೇ ಉಳಿದಿವೆ. ಅವರ ಹೆಸರುಗಳು ಉಳಿದುದು ತೀರ್ಪಿನ ಬಲದಿಂದಲ್ಲ, ತೀರ್ಪನ್ನು ಒಪ್ಪದವರ ಕಥೆಯ ಬಲದಿಂದ. ಅಂಗೈ ಗುರುತು ಅಲೌಕಿಕವೇ ಅಲ್ಲವೇ ಎಂಬುದನ್ನು ತೀರ್ಮಾನಿಸುವುದು ಜಾನಪದ ಅಧ್ಯಯನದ ಕೆಲಸವಲ್ಲ. ಆ ಗುರುತಿನ ಮುಂದೆ ಒಂದು ಸಮುದಾಯವು ಯಾವ ಪ್ರಶ್ನೆಯನ್ನು ಕೇಳುತ್ತ ಬಂದಿತೆಂಬುದನ್ನು ದಾಖಲಿಸುವುದು, ಆ ಪ್ರಶ್ನೆ ಕುತೂಹಲದ ಕೆಳಗೆ ಹೂತುಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ವಿಚಾರಣೆ ಸರಿಯಾಗಿ ನಡೆಯದ ಮೊಕದ್ದಮೆ ನ್ಯಾಯಾಲಯದಲ್ಲಿ ಮುಗಿದರೂ ಜನರ ನಡುವೆ ಮುಗಿಯುವುದಿಲ್ಲ. ಮಾಕ್ ಚಂಕ್‌ನ ಹದಿನೇಳನೆಯ ಕೋಣೆಯಲ್ಲಿ ಆ ಮೊಕದ್ದಮೆ ಇನ್ನೂ ನಡೆಯುತ್ತಿದೆ.